ಹೊಸ ಮ್ಯಾಟಿನ ಹಳೇ ಕಾರು

ನಾನು ಬಾಯಿ ತೆರೆದರೆ ಸಾಕು, ನನ್ನ ಗಂಡ ಅಡ್ಡ ಬಾಯಿ ಹಾಕುತ್ತಾರೆ. ಕಡಲ ದಂಡೆಯ ಬೆಸೆಂಟ್ ನಗರದಲ್ಲಿ ಬಸ್ಸಿಳಿದು, ಹಳೇ ಸಣ್ಣ ಕಾರೊಂದನ್ನು ಕೊಳ್ಳಲು ಹೋದಾಗಲೂ ಅದೇ ಆಯಿತು.

"ತಳ ನೋಡಿ ಅಂದ್ರೆ..."

"ಸುಮ್ನಿರೇ, ಇಂಜಿನ್ ವಿಷಯ ನಿಂಗೇನು ಗೊತ್ತು?" ಎಂದವರೇ ಬಾನೆಟ್ಟಿನೊಳಗೆ ತಲೆ ತೂರಿಸಿ ಡಾಕ್ಟರರ ಹಾಗೆ ಕಿವಿಗೊಟ್ಟರು.

ಇಂಜಿನ್ ಸದ್ದು ಮೆತ್ತಗಿತ್ತು, ಎ.ಸಿ. ತಣ್ಣಗಿತ್ತು, ಒಪ್ಪಿದೆ. ಆದರೆ ಆ ಸಮುದ್ರದ ಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ, ಕಾರಿನ ತಗಡು ಉಳಿಯುತ್ತದೆಯೇ? ಹಿಂದಿನ ಸೀಟಿನ ಮುಂದೆ ಹಾಸಿದ್ದ ಹೊಸ ಮ್ಯಾಟ್ ಎತ್ತಿದೆ. ತುಕ್ಕು ತಿಂದ ಅಂಗೈಯಗಲದ ತೂತಿನಲ್ಲಿ ರಸ್ತೆ ಕಾಣುತ್ತಿತ್ತು.

"ನಮ್ಮ ಮಗು ಕಾಲಿಡೋದು ಇಲ್ಲೇ ತಾನೇ?" ಎಂದೆ. ಗಂಡ ಕೆಮ್ಮಿದರು.

ಕಾರಿನ ಯಜಮಾನರು ಮ್ಯಾಟನ್ನು ನಿಧಾನವಾಗಿ ಮತ್ತೆ ಹಾಸಿ ಕೇಳಿದ್ದಕ್ಕೆ ನಾನು ಗಂಡನ ಮುಖ ನೋಡಿದೆ, ಗಂಡ ನನ್ನ ಮುಖ ನೋಡಿದರು.

"ಅದಿರಲಿ ಅಮ್ಮಾ, ನಿಮ್ಮಿಬ್ಬರಲ್ಲಿ ಕಾರು ಓಡಿಸೋಕೆ ಯಾರಿಗೆ ಬರುತ್ತೆ?"