ಕಾಕು ಕಂಡ ತಟ್ಟೆ, ನಾನೆಳೆದ ಕೆಂಪು ಗೆರೆ

"ಆ ವಹಿ ಇನ್ನೂ ಅದನೋ, ಒಗದಿಯೋ?"

ಕಳೆದ ಭಾನುವಾರ ಹುಮನಾಬಾದ್ ಪಕ್ಕದ ಮಾಣಿಕನಗರದ ಕಾಕು (ನಮ್ಮ ಚಿಕ್ಕಪ್ಪನ ಹೆಂಡತಿ) ಚಹಾ ಕೊಡುವ ಮೊದಲೇ ಕೇಳಿದ್ದು ಇದನ್ನು. ವಹಿ ಅಂದರೆ ನನ್ನ ಹಳೆಯ ನೋಟ್‌ಬುಕ್. ಹತ್ತು ವರ್ಷದ ಸಿಟ್ಟು ಸ್ವಾಮಿ, ಇನ್ನೂ ಆರಿಲ್ಲ!

ಆಗ ತೊಂಬತ್ತರ ದಶಕದ ಕೊನೆ. ನಾನು ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಹುಡುಗ. ರಜೆಗೆ ಬಸವಕಲ್ಯಾಣಕ್ಕೆ ಬಂದರೆ ಊರ ತುಂಬ ಒಂದೇ ಮಾತು: ಹಾರುವ ತಟ್ಟೆ. ಹುಲಸೂರಲ್ಲಿ ಕಂಡಿತಂತೆ, ಹುಮನಾಬಾದಲ್ಲಿ ಕಂಡಿತಂತೆ. ಗೆಳೆಯರೆಲ್ಲ ಪ್ರಾಜೆಕ್ಟಿಗೆ ತೊಗರಿ ಇಳುವರಿ ಹಿಡಿದಿದ್ದರು. ನಾನು ತಟ್ಟೆ ಹಿಡಿದೆ. ಯಾವಾಗ, ಎಲ್ಲಿ, ಯಾರಿಗೆ ಕಂಡಿತು ಎಂದು ಮನೆಮನೆ ಅಲೆದು ಬರೆದುಕೊಂಡೆ. ಕಂಪ್ಯೂಟರಿಗೆ ಹಾಕಿ, ತಟ್ಟೆ ಯಾವಾಗ ಕಾಣುತ್ತದೆಂದು ಹೇಳುವ ಲೆಕ್ಕದ ಮಾಡೆಲ್ ಕಟ್ಟಿದೆ.

ಏನು ಚಂದ ಬಂತು ಅಂತೀರಿ! ತಟ್ಟೆಗಳೆಲ್ಲ ಬರುತ್ತಿದ್ದದ್ದು ಸಂಜೆ ಲೋಡ್‌ಶೆಡ್ಡಿಂಗ್ ಹೊತ್ತಿಗೆ. ಯಾಕೆ? ಕರೆಂಟ್ ಹೋಯಿತೆಂದರೆ ಟಿ.ವಿ. ಬಂದ್. ಓಣಿಗೆ ಓಣಿಯೇ ಚಾದರ, ನೀರಿನ ತಂಬಿಗೆ ಹಿಡಿದು ಮಾಳಿಗೆ ಹತ್ತುತ್ತಿತ್ತು. ಈ ಮಾಳಿಗೆಯಿಂದ ಆ ಮಾಳಿಗೆಗೆ ಹರಟೆ, ಕೈಯಲ್ಲಿ ಶೇಂಗಾ, ಮೇಲೆ ಚುಕ್ಕಿ. ಎಂಥ ಸಂಜೆಗಳವು! ಈಗ ಮನೆಮನೆಗೆ ಇನ್ವರ್ಟರ್. ಮಾಳಿಗೆ ಮೇಲೆ ನೀರಿನ ಟಾಕಿ ಬಿಟ್ಟರೆ ಯಾರೂ ಇಲ್ಲ.

ಒಂದು ಸಾಲು ಮಾತ್ರ ಹೊಂದಲಿಲ್ಲ. ಅದು ಕಾಕುವಿನದು. ಮಟಮಟ ಮಧ್ಯಾಹ್ನ ಮಾಳಿಗೆ ಮೇಲೆ ಸಂಡಿಗೆ ತಿರುವಿ ಹಾಕುವಾಗ, ಬೆಳ್ಳಗೆ ಹೊಳೆಯುವ ದುಂಡನೆಯದೊಂದು ಆಕಾಶದಲ್ಲಿ ಸುಮ್ಮನೆ ನಿಂತಿತ್ತಂತೆ. ಮತ್ತೆ ಯಾರಿಗೂ ಕಂಡಿರಲಿಲ್ಲ. "ಬಿಸಲಿಗಿ ತಲಿ ತಿರಗ್ಯಾದ" ಎಂದು ಕಾಕಾ ನಕ್ಕ. ಓಣಿಯೂ ನಕ್ಕಿತು.

"ಎಲ್ಲಾರೂ ನಗಾಕತ್ತಾರಪಾ. ನಾ ಸುಳ್ಳ ಯಾಕ ಹೇಳಲಿ? ನಿನ್ನ ಪುಸ್ತಕದಾಗ ಬಂತಂದ್ರ ನಂಬ್ತಾರ," ಎಂದಿದ್ದಳು ಕಾಕು.

ಬರೆದುಕೊಂಡೆ. ಆದರೆ ಆ ಒಂದು ಸಾಲಿನಿಂದ ಮಾಡೆಲ್ಲಿನ ಅಂದ ಕೆಟ್ಟಿತು. ಇಂಥದ್ದಕ್ಕೆ ನಮ್ಮಲ್ಲಿ ಔಟ್‌ಲೈಯರ್ ಎನ್ನುತ್ತಾರೆ, ಗುಂಪಿಗೆ ಸೇರದ್ದು ಅಂತ. ಕೆಂಪು ಪೆನ್ನಿನಿಂದ ಹೊಡೆದು ಹಾಕಿದೆ. ಫಸ್ಟ್ ಕ್ಲಾಸ್ ಬಂತು. ಕಾಕು ವರದಿಯಲ್ಲಿನ ಹೆಸರುಗಳನ್ನೆಲ್ಲ ನನ್ನಿಂದ ಓದಿಸಿಕೊಂಡಳು. ಅವಳ ಹೆಸರು ಬರಲೇ ಇಲ್ಲ.

"ಅವರು ನಕ್ಕರು, ಖರೆ. ಆದ್ರ ಅಳಸಿದಾಂವ ನೀ ಒಬ್ಬನ," ಎಂದಳು.

ಭಾನುವಾರ ಮನೆಗೆ ಮರಳಿದವನೇ ವಹಿ ಹುಡುಕಿ ತೆಗೆದೆ. ಮೊದಲ ಪುಟದಲ್ಲೇ, ನನ್ನದೇ ಅಕ್ಷರದಲ್ಲಿ, ಮನೆಮನೆಗೂ ಕೇಳಿದ ಪ್ರಶ್ನೆ: 'ಕರೆಂಟ್ ಹೋದಾಗ ಏನಾದರೂ ಕಂಡಿತೇ?'

ಕರೆಂಟ್ ಹೋದಾಗಿನದನ್ನು ಕೇಳಿದರೆ ಜನ ಕರೆಂಟ್ ಹೋದಾಗಿನದನ್ನೇ ಹೇಳುತ್ತಾರಲ್ಲ! (ಇದಕ್ಕೊಂದು ಕಂಪ್ಯೂಟರ್ ಬೇರೆ.) ಪ್ರಶ್ನೆ ಏನೇ ಇರಲಿ, ಕಂಡದ್ದನ್ನು ಕಂಡ ಹಾಗೆ ಹೇಳಿದವಳು ಕಾಕು ಒಬ್ಬಳೇ. ನಿಜಕ್ಕೂ ನಾಚಿಕೆಯಾಯಿತು.

ಮರುದಿನವೇ ಹುಮನಾಬಾದ್ ಬಸ್ ಹತ್ತಿದೆ. ಅವಳೆದುರೇ ಕುಳಿತು ಆ ಸಾಲನ್ನು ಮತ್ತೆ ಬರೆದೆ. ಕಾಕು ಚಷ್ಮಾ ಏರಿಸಿ ಅಕ್ಷರ ಅಕ್ಷರ ನೋಡಿದಳು.

"ಹನ್ನೊಂದು ಗಂಟೆ ಅಲ್ಲೋ, ಹನ್ನೆರಡು. ಈ ಸಲರ ಸರಿ ಬರಿ."

ತಿದ್ದಿದೆ. ಈಗ ನೀವೇ ಹೇಳಿ, ಹೊಡೆದು ಹಾಕಬೇಕಿದ್ದದ್ದು ಕಾಕುವಿನ ಸಾಲನ್ನೋ, ನನ್ನ ಪ್ರಶ್ನೆಯನ್ನೋ?