ಎರಡೂ ಕಣ್ಣು ಒಂದೇ ಕಡೆ ಇದ್ದ ಮೀನು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಮಲ್ಪೆಯ ಕಡಲಲ್ಲಿ ನಾನು ಜೀವನದ ಮೊದಲ ಸಮುದ್ರದ ಮೀನು ಹಿಡಿದೆ. ಎರಡು ನಿಮಿಷ ಅದು ನನ್ನದಾಗಿತ್ತು.

ಸಣ್ಣ ದೋಣಿಯಲ್ಲಿ ಮೂವರಿದ್ದೆವು: ನಾನು, ದೋಣಿಯ ಸದಾನಂದಣ್ಣ ಮತ್ತು ನ್ಯಾಮತಿಯಿಂದ ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಡಿಕೆ ವ್ಯಾಪಾರಿ ಹಾಲೇಶಣ್ಣ. ಹಾಲೇಶಣ್ಣ ಮೀನು ತಿನ್ನುವುದಿಲ್ಲ, ಬರೀ ಗಾಳಿ ಕುಡಿಯಲು ಬಂದಿದ್ದರು. ಮೂರು ಗಂಟೆ ಗಾಳ ಹಿಡಿದು ಕೂತ ಮೇಲೆ ಮೊಳದುದ್ದದ, ಚಪ್ಪಟೆಯಾದ ನಂಗು ಮೀನೊಂದು ಸಿಕ್ಕಿತು. ಕೂಡಲೇ ಹೆಂಡತಿಗೆ ಫೋನ್ ಮಾಡಿ, "ಮಸಾಲೆ ರುಬ್ಬಿಡು, ಸಂಜೆಗೆ ಮೀನು ತರ್ತೀನಿ" ಎಂದೆ.

ಅಷ್ಟರಲ್ಲಿ ಹಾಲೇಶಣ್ಣ ಮೀನನ್ನು ಕೈಗೆತ್ತಿಕೊಂಡು, ಅಡಿಕೆ ಚೀಲದ ತಳ ಪರೀಕ್ಷಿಸುವ ಹಾಗೆ ತಿರುವಿ ನೋಡಿದರು. ಮೇಲೆ ಕಂದು, ಕೆಳಗೆ ಬಿಳಿ. ಎರಡೂ ಕಣ್ಣು ಮೇಲುಗಡೆಯೇ.

"ಮೇಲೊಂದು ಮಾಲು, ತಳಕ್ಕೊಂದು ಮಾಲು. ಕಣ್ಣು ನೋಡಿದ್ರೆ ಎರಡೂ ಒಂದೇ ಕಡೆ ಐತೆ. ಇದನ್ನ ತಿನ್ನಾಕೆ ಹೋಗಬೇಡ್ರಿ" ಎಂದವರೇ ನೀರಿಗೆ ಬಿಟ್ಟರು.

ಸದಾನಂದಣ್ಣ ತಲೆಯ ಮೇಲೆ ಕೈ ಹೊತ್ತರು. "ಎಂತ ಮಾಡಿದ್ರಿ ಮಾರಾಯ್ರೆ! ಆ ಜಾತಿಯ ಮೀನು ಇರುವುದೇ ಹಾಗೆ!"

ಹಾಲೇಶಣ್ಣ ಅಲುಗಲಿಲ್ಲ. "ಮಾಲು ತಂದೋರೆಲ್ಲ ಹಂಗೇ ಹೇಳೋದು ಬಿಡ್ರಿ."

ಆಮೇಲೆ ಗಾಳಕ್ಕೆ ಒಂದು ಸೀಗಡಿಯೂ ಬೀಳಲಿಲ್ಲ.

ಈಗ ಮನೆಯಲ್ಲಿದ್ದೇನೆ. ರುಬ್ಬಿದ ಮಸಾಲೆ ಕಾಯುತ್ತಿತ್ತು, ಅದಕ್ಕೆ ಆಲೂಗಡ್ಡೆ ಬಿತ್ತು. ಕಡಲಿಗಿಳಿದವನ ಒಡಲಿಗೆ ದಕ್ಕಿದ್ದು ಇಷ್ಟೇ. ಊಟಕ್ಕೆ ಕೂತು ಒಂದೊಂದೇ ಹೋಳನ್ನು ತಿರುವಿ ನೋಡಿದೆ. ಎರಡೂ ಕಡೆ ಒಂದೇ ಬಣ್ಣ. ಮಾಲು ಸಾಚಾ ಐತೆ.