ಎತ್ತರದ ಬಾಗಿಲು

ಊಟದ ಮೇಜಿನಲ್ಲಿ ಗೋಂದಿನ ವಾಸನೆ. ಮೊಮ್ಮಗಳು ಶ್ರಾವ್ಯಾ ಶಾಲೆಗೆಂದು ರಟ್ಟಿನಲ್ಲಿ ಸ್ಕಾಟ್ಲೆಂಡಿನ ಕೋಟೆ ಕಟ್ಟುತ್ತಿದ್ದಾಳೆ. ಮಗ ಹೊಸ ಫ್ಲಾಟ್ ನೋಡಲು ಹೋಗಿದ್ದಾನೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಗಲ್ಫಿನ ಸೀಬ್ ಊರಿನ ನಮ್ಮ ಈಗಿನ ಮನೆ ನೆಲಮಟ್ಟದಲ್ಲಿದೆ. ನನ್ನ ಮೊಣಕಾಲಿಗೆ ಅದೇ ದೊಡ್ಡದು. ಸಂಜೆ ಬೀದಿಯ ಅಂಗಡಿಗೆ ನಾನೇ ಹೋಗಿ ಖುಬ್ಸ್ ರೊಟ್ಟಿ ತರುತ್ತೇನೆ, ನಾಲ್ಕು ಮಾತಾಡಿ ಬರುತ್ತೇನೆ.

ಕೋಟೆ ಅಂದರೆ ಊರಗಲದ್ದಲ್ಲ. ಕಡಲಂಚಿನ ಬಂಡೆಯ ಮೇಲೆ ಕೋಣೆಯ ಮೇಲೆ ಕೋಣೆ ಪೇರಿಸಿದ ಒಂಟಿ ಗೋಪುರ. ಕೆಳಗೆ ದಾಸ್ತಾನು, ನಡುವೆ ಹಜಾರ, ಮೇಲೆ ಮಲಗುವುದು. ಗೋಡೆ ಎಷ್ಟು ದಪ್ಪವೆಂದರೆ ಸುತ್ತುಮೆಟ್ಟಿಲು ಅದರೊಳಗೇ.

"ಕಕ್ಕಸು ಎಲ್ಲಿ?" ಎಂದೆ.

"ಛೀ ಅಜ್ಜಿ!" ಎಂದವಳು ಆಮೇಲೆ ಫೋನಿನಲ್ಲಿ ಹುಡುಕಿದಳು. ಅದೂ ಗೋಡೆಯೊಳಗೇ, ತೂತು ನೇರ ಸಮುದ್ರಕ್ಕೆ. ಮೀನು ತಿನ್ನುವವರು ಮಾಡುವ ಕೆಲಸವೇ, ನೀವೇ ಹೇಳಿ.

ನೆಲದ ಮಟ್ಟದಲ್ಲಿ ಬಾಗಿಲೇ ಇಲ್ಲ. ಮೊದಲ ಮಹಡಿಗೆ ಬಾಗಿಲು, ಹೊರಗಿನಿಂದ ಮರದ ಏಣಿ. ಅದನ್ನು ಕಂಡದ್ದೇ ನನಗೆ ಇಲ್ಲಿಗೆ ಬರುವ ಮೊದಲು ನಾವಿದ್ದ ಕಡಲತೀರದ ಊರು ಸೂರ್ ನೆನಪಾಯಿತು.

ಸೂರಿನಲ್ಲಿ ನನ್ನ ಗಂಡ ಮೀನಿನ ಕಂಪೆನಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಡುಗೆಮನೆಯ ಕಿಟಕಿಗೆ ನೇರ, ಗುಡ್ಡದ ಮೇಲೆ, ಗುಂಡಗಿನ ಹಳೆಯ ಕಾವಲು ಗೋಪುರ. ಬಾಗಿಲು ಆಳೆತ್ತರಕ್ಕಿಂತ ಮೇಲೆ, ಮೆಟ್ಟಿಲಿಲ್ಲ. ಮೇಸ್ತ್ರಿ ಮರೆತಿದ್ದಾನೆ ಎಂದು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದೆ. ನಾಲ್ಕನೇ ಕ್ಲಾಸಿನ ಬುದ್ಧಿ. ಗಂಡನನ್ನು ಕೇಳಿದರೆ, "ಕಲ್ಲಿನ ಸುದ್ದಿ ನಿನಗೆ ಎಂತಕ್ಕೆ? ಸಾರು ಉಕ್ಕುತ್ತಿದೆ ನೋಡು."

ಕಡೆಗೆ ಹೇಳಿದವಳು ಪಕ್ಕದ ಮನೆಯ ಉಮ್ ಸಾಲಿಂ, ಅಂದರೆ ಸಾಲಿಮನ ತಾಯಿ. ಅರ್ಧ ಹಿಂದಿ, ಅರ್ಧ ಕೈಸನ್ನೆ. ಕಾವಲಿನವರು ಹಗ್ಗ ಹಿಡಿದು ಹತ್ತುತ್ತಿದ್ದರಂತೆ. ಹತ್ತಿದ ಮೇಲೆ ಹಗ್ಗ ಒಳಗೆ. ಕಡಲಿನಿಂದ ಬಂದ ಶತ್ರು ಕೆಳಗೆ ಬಾಯಿ ಬಿಟ್ಟುಕೊಂಡು ನಿಲ್ಲಬೇಕು.

"ಹಗ್ಗ ಕೆಳಗಿನವನ ಕೈಗೆ ಸಿಕ್ಕಿದರೆ?" ಎಂದು ಕೇಳಿದ್ದೆ.

"ಖಲಾಸ್! ಆಮೇಲೆ ಅದು ಜೈಲು," ಎಂದು ತೊಡೆ ತಟ್ಟಿ ನಕ್ಕಿದ್ದಳು.

ಇದನ್ನು ಶ್ರಾವ್ಯಾಳಿಗೆ ಹೇಳಿ ಮುಗಿಸುವಷ್ಟರಲ್ಲಿ ಮಗ ಬಂದ. "ಫ್ಲಾಟ್ ಚೆಂದ ಉಂಟಮ್ಮ, ಒಳ್ಳೆಯ ಗಾಳಿ. ಮೆಟ್ಟಿಲಿನ ಚಿಂತೆ ಬೇಡ. ಪ್ರತಿ ಶುಕ್ರವಾರ ರಜೆ ಉಂಟಲ್ಲ, ನಾನೇ ಕೈಹಿಡಿದು ಕೆಳಗಿಳಿಸುತ್ತೇನೆ."

"ಹಾಗಾದರೆ ಹಗ್ಗ ನಿನ್ನ ಕೈಯಲ್ಲಿ," ಎಂದೆ.

ಅವನಿಗೆ ತಲೆಬುಡ ತಿಳಿಯಲಿಲ್ಲ. ಶ್ರಾವ್ಯಾ ರಟ್ಟಿನ ಏಣಿಯನ್ನು ಕಿತ್ತು ಅವನ ಅಂಗೈಗಿಟ್ಟಳು. "ನೌ ಅಜ್ಜಿ ಈಸ್ ಸ್ಟಕ್, ಅಪ್ಪಾ."

ಅವನು ಏಣಿ ನೋಡಿದ, ಕೋಟೆಯ ಎತ್ತರದ ಬಾಗಿಲು ನೋಡಿದ, ನನ್ನ ಮೊಣಕಾಲು ನೋಡಿದ. ಗೋಂದು ಬೆರಳಿಗೆ ಅಂಟಿತ್ತು. "ಆಯಿತು ಮಾರಾಯ್ತಿ, ಕೆಳಗಿನ ಮನೆಯೇ ಹುಡುಕುವ," ಎಂದು ಮಗಳಿಗೆ ಹೇಳಿದ.

"ಹುಡುಕು. ನೋಡಲು ನಾನೂ ಬರುತ್ತೇನೆ," ಎಂದು ಚಪ್ಪಲಿ ಮೆಟ್ಟಿ ಖುಬ್ಸ್ ತರಲು ಹೊರಟೆ. ನಮ್ಮ ಹೊಸಿಲಿನಾಚೆ ಒಂದೇ ಒಂದು ಮೆಟ್ಟಿಲು ಉಂಟು. ಇಷ್ಟು ವರ್ಷ ಅದನ್ನು ನೋಡದೆ ಇಳಿದಿದ್ದೆ. ಇವತ್ತು ನೋಡಿಕೊಂಡು ಇಳಿದೆ.